ಹೋಳಾದ ಕಚೇರಿ, ಹಂಚಿಕೆಯಾಗದ ಅಧಿಕಾರ: ತುಮಕೂರು ಜಿಲ್ಲೆಯ ಉತ್ತರದ ನಾಲ್ಕು ತಾಲ್ಲೂಕುಗಳಲ್ಲಿ ಆಡಳಿತ ಸಂಸ್ಥೆಯ ಬೆಳವಣಿಗೆ ಮತ್ತು ಬಿಕ್ಕಟ್ಟು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಯಾವ ಕೇಂದ್ರಕ್ಕೆ ಸೇರಿದ ತಾಲ್ಲೂಕುಗಳು ಎಂಬ ಪ್ರಶ್ನೆಗೆ ಸರ್ಕಾರದ ಬಳಿ ಒಂದೇ ಉತ್ತರವಿಲ್ಲ. ಕಂದಾಯ ಇಲಾಖೆಯ ಲೆಕ್ಕದಲ್ಲಿ ಈ ನಾಲ್ಕೂ ಸೇರಿ ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗ. ಶಾಲಾ ಶಿಕ್ಷಣ ಇಲಾಖೆಗೆ ಇವೇ ನಾಲ್ಕು ತಾಲ್ಲೂಕು ಒಂದು ಪೂರ್ಣ ಜಿಲ್ಲೆ. ಮಧುಗಿರಿಯಲ್ಲಿ ಪ್ರತ್ಯೇಕ ಉಪನಿರ್ದೇಶಕರಿದ್ದಾರೆ, ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ತುಮಕೂರಿಗೆ ಒಂದು ಸಾಲು, ಮಧುಗಿರಿಗೆ ಇನ್ನೊಂದು. ಸಾರಿಗೆ ಇಲಾಖೆ ಮಧುಗಿರಿಗೆ ಕೆಎ 64 ಎಂಬ ಸ್ವಂತ ನೋಂದಣಿ ಸಂಖ್ಯೆ ಕೊಟ್ಟಿದೆ. ಹೆಚ್ಚುವರಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯವೂ ಅಲ್ಲಿದೆ. ಜಿಲ್ಲಾಧಿಕಾರಿ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ, ಜಿಲ್ಲಾ ಪಂಚಾಯಿತಿ ಮಾತ್ರ ತುಮಕೂರಿನಲ್ಲಿ. ಲೋಕಸಭೆಯ ಚುನಾವಣೆ ಬಂದರೆ ನಕ್ಷೆ ಮತ್ತೆ ಬದಲಾಗುತ್ತದೆ: ಮಧುಗಿರಿ, ಕೊರಟಗೆರೆಯವರು ತುಮಕೂರು ಕ್ಷೇತ್ರಕ್ಕೆ ಮತ ಹಾಕುತ್ತಾರೆ, ಶಿರಾ, ಪಾವಗಡದವರು ಚಿತ್ರದುರ್ಗ ಕ್ಷೇತ್ರಕ್ಕೆ.

ಇದನ್ನು ಆಡಳಿತದ ಗೋಜಲು ಎಂದು ತಳ್ಳಿಹಾಕುವುದು ಸುಲಭ. ಆದರೆ ಒಂದು ಸಂಸ್ಥೆ ಬೆಳೆಯುತ್ತ ಹೋದಂತೆ ಎದುರಿಸಿದ ಬಿಕ್ಕಟ್ಟುಗಳು ನೆಲದ ಮೇಲೆ ಬಿಟ್ಟ ಗುರುತುಗಳು ಇವು ಎಂದು ಈ ಲೇಖನ ವಾದಿಸುತ್ತದೆ. ಆ ಸಂಸ್ಥೆ ಸರ್ಕಾರವೇ. ಸರ್ಕಾರದ ಬೆಳವಣಿಗೆಯನ್ನು ಸಾಮಾನ್ಯವಾಗಿ ರಾಜಧಾನಿಯಿಂದ ನೋಡುತ್ತೇವೆ. ಇಲ್ಲಿ ಅದನ್ನು ನಾಲ್ಕು ಬರಪೀಡಿತ ತಾಲ್ಲೂಕುಗಳ ಕಡೆಯಿಂದ, ಮುಖ್ಯವಾಗಿ ಶಾಲಾ ಆಡಳಿತದ ಮೂಲಕ ನೋಡಲಾಗಿದೆ.

ಸಂಸ್ಥೆಗಳ ಬೆಳವಣಿಗೆ ಕುರಿತು ಹೆಚ್ಚು ಚರ್ಚೆಗೊಳಗಾದ ಮಾದರಿ ಅಮೆರಿಕದ ಲ್ಯಾರಿ ಗ್ರೈನರ್ 1972ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಮಂಡಿಸಿದ್ದು. ಅವರ ಪ್ರಕಾರ ಸಂಸ್ಥೆಯ ಶಾಂತ ಬೆಳವಣಿಗೆಯ ಪ್ರತಿಯೊಂದು ಘಟ್ಟವೂ ತನ್ನೊಳಗೇ ಒಂದು ಬಿಕ್ಕಟ್ಟನ್ನು ಸಾಕಿಕೊಂಡಿರುತ್ತದೆ. ಒಬ್ಬ ಸ್ಥಾಪಕನ ಹುಮ್ಮಸ್ಸಿನಿಂದ ಬೆಳೆದದ್ದು ನಾಯಕತ್ವದ ಬಿಕ್ಕಟ್ಟಿಗೆ ಬರುತ್ತದೆ. ಅದಕ್ಕೆ ಪರಿಹಾರವಾಗಿ ಬಂದ ಕಟ್ಟುನಿಟ್ಟಿನ ನಿರ್ದೇಶನ ಕೆಳಗಿನವರ ಸ್ವಾಯತ್ತತೆಯ ಬಿಕ್ಕಟ್ಟನ್ನು ಹುಟ್ಟಿಸುತ್ತದೆ. ಅಧಿಕಾರವನ್ನು ಕೆಳಗೆ ಹಂಚಿದರೆ ಮೇಲಿನವರಿಗೆ ಹಿಡಿತ ತಪ್ಪುವ ಭಯ. ಆ ಭಯಕ್ಕೆ ಉತ್ತರವಾಗಿ ಕಟ್ಟಿದ ಸಮನ್ವಯ ವ್ಯವಸ್ಥೆ ಕಡೆಗೆ ಕಾಗದಪತ್ರದ ರಾಶಿಯಲ್ಲಿ ಹೂತುಹೋಗುತ್ತದೆ. ಒಂದು ಘಟ್ಟದ ಪರಿಹಾರವೇ ಮುಂದಿನ ಘಟ್ಟದ ರೋಗ ಎಂಬ ಒಳನೋಟ ಈ ಮಾದರಿಯ ಬಲ. ಸಂಸ್ಥೆ ಮುಂದಕ್ಕೇ ನಡೆಯುತ್ತದೆ ಎಂಬ ನಂಬಿಕೆ ಅದರ ದೌರ್ಬಲ್ಯ. ಗ್ರೈನರ್ ಗಮನದಲ್ಲಿದ್ದದ್ದು ಕಂಪನಿಗಳು. ಕಂಪನಿ ದಿವಾಳಿಯಾಗಬಹುದು, ಲಾಭವಿಲ್ಲದ ಊರಿನಿಂದ ಕಾಲ್ತೆಗೆಯಬಹುದು. ಸರ್ಕಾರಕ್ಕೆ ಇವೆರಡೂ ಸಾಧ್ಯವಿಲ್ಲ. ಹಾಗಾಗಿ ಅದು ಬಿಕ್ಕಟ್ಟಿನಿಂದ ಪಾರಾಗುವ ಬಗೆಯೂ ಬೇರೆ.

ಶಿರಾ ಸುಬಾ: ವಿಭಜನೆಯ ಹಳೆಯ ಪಾಠ

ಇಂದು ಮೇಲಿನ ಕಚೇರಿಯ ಕಡೆ ನೋಡುತ್ತ ನಿಂತಿರುವ ಶಿರಾ ಒಂದು ಕಾಲಕ್ಕೆ ತಾನೇ ಮೇಲಿನ ಕಚೇರಿಯಾಗಿತ್ತು. 1686ರಲ್ಲಿ ಬಿಜಾಪುರ ಬಿದ್ದ ಮೇಲೆ ಔರಂಗಜೇಬನ ಸೇನಾನಿ ಖಾಸಿಂ ಖಾನ್ 1687ರಲ್ಲಿ ಶಿರಾವನ್ನು ಮೊಘಲ್ ಪ್ರಾಂತವೊಂದರ ಕೇಂದ್ರವಾಗಿಸಿದ. ಬಸವಾಪಟ್ಟಣ, ಬೂದಿಹಾಳ, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣೆಗಳು ನೇರ ಆಳ್ವಿಕೆಯಲ್ಲಿದ್ದವು. ಚಿತ್ರದುರ್ಗ, ಹರಪನಹಳ್ಳಿ, ಬಿದನೂರು, ಮೈಸೂರಿನಂಥ ಸಂಸ್ಥಾನಗಳು ಕಪ್ಪ ಕೊಡಬೇಕಿತ್ತು.

ದಕ್ಷಿಣದ ಈ ವಿಶಾಲ ಪ್ರದೇಶವನ್ನು ಒಬ್ಬನೇ ಅಧಿಕಾರಿ ನೋಡಿಕೊಳ್ಳುವುದು ಕಷ್ಟವೆಂದು 18ನೆಯ ಶತಮಾನದ ಎರಡನೆಯ ದಶಕದಲ್ಲಿ ಅದನ್ನು ಎರಡು ಮಾಡಲಾಯಿತು. ಘಟ್ಟದ ಕೆಳಗಿನದು ಆರ್ಕಾಟಿಗೆ, ಮೇಲಿನದು ಶಿರಾಕ್ಕೆ. ಅದುವರೆಗೆ ಎರಡನ್ನೂ ಆಳುತ್ತಿದ್ದ ಆರ್ಕಾಟಿನ ಸಾದತ್ ಉಲ್ಲಾ ಖಾನನಿಗೆ ಶ್ರೀಮಂತ ಮೈಸೂರಿನ ಕಪ್ಪ ಕೈತಪ್ಪಿದ್ದು ಸಹನೆಯಾಗಲಿಲ್ಲ. ಆತ ಕಡಪ, ಕರ್ನೂಲು, ಸವಣೂರಿನ ನವಾಬರೊಡನೆ ಸೇರಿ ಮೈಸೂರಿನ ಮೇಲೆ ಒತ್ತಡ ತಂದ. ಹೊಸ ಗಡಿಯನ್ನು ದೆಹಲಿ ಎಳೆದಿತ್ತು. ವರಮಾನ ಯಾರದೆಂದು ನೆಲದ ಮೇಲೆ ಇತ್ಯರ್ಥವಾಗಿರಲಿಲ್ಲ. ವಿಭಜನೆಯಿಂದ ಆಡಳಿತ ಹಗುರವಾಗುವ ಬದಲು ಎರಡು ಕೇಂದ್ರಗಳ ನಡುವೆ ಹೊಸ ಪೈಪೋಟಿ ಹುಟ್ಟಿತು. 1757ರಲ್ಲಿ ಮರಾಠರು ಶಿರಾವನ್ನು ಹಿಡಿದರು, 1761ರಲ್ಲಿ ಹೈದರ್ ಅಲಿ ನಿಜಾಮನ ಸೋದರ ಬಸಾಲತ್ ಜಂಗನ ಜೊತೆಗೂಡಿ ಗೆದ್ದು ಶಿರಾದ ನವಾಬನೆಂಬ ಬಿರುದು ಪಡೆದ. ಮೊಘಲ್ ಪ್ರಾಂತದ ಕುಸಿತಕ್ಕೆ ಕಾರಣಗಳು ಹಲವು. ಆದರೆ ಗಡಿ ಹಂಚಿ ಹಣ ಹಂಚದಿದ್ದಾಗ ಏನಾಗುತ್ತದೆ ಎಂಬುದಕ್ಕೆ ಈ ಪ್ರಸಂಗ ಸಾಕಷ್ಟು ಸ್ಪಷ್ಟ ಸಾಕ್ಷಿ.

ಡಾಬ್ಸ್‌ನಿಂದ ಜಿಲ್ಲೆಯವರೆಗೆ

1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡರು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ರಾಜ್ಯವನ್ನು ನಾಲ್ಕು ವಿಭಾಗ ಮಾಡಿ ಪ್ರತಿಯೊಂದಕ್ಕೂ ಒಬ್ಬ ಸೂಪರಿಂಟೆಂಡೆಂಟನನ್ನು ನೇಮಿಸಿದ. ಚಿತ್ರದುರ್ಗ ವಿಭಾಗದ ರಿಚರ್ಡ್ ಸ್ಟುವರ್ಟ್ ಡಾಬ್ಸ್ ತುಮಕೂರಿನಲ್ಲಿ ನೆಲೆಸಿ ಕಾಲು ಶತಮಾನಕ್ಕೂ ಹೆಚ್ಚು ಕಾಲ ಆಳಿದ. ನೆಲಮಂಗಲ ತಾಲ್ಲೂಕಿನ ಡಾಬಸ್‌ಪೇಟೆ ಇಂದಿಗೂ ಅವನ ಹೆಸರು ಹೊತ್ತಿದೆ. ಕಂದಾಯ, ನ್ಯಾಯ, ರಸ್ತೆ ಎಲ್ಲವೂ ಒಬ್ಬನ ಮೇಜಿನ ಮೇಲೆ. ಅವನ ಕೆಳಗೆ ಅಮಲ್ದಾರ, ಹೋಬಳಿಯ ಶೇಕ್ದಾರ, ಊರಿನ ಪಟೇಲ, ಶ್ಯಾನುಭೋಗ. ಗ್ರೈನರ್ ಹೇಳುವ ಮೊದಲ ಘಟ್ಟಕ್ಕೆ ಇದಕ್ಕಿಂತ ಹೊಂದುವ ಉದಾಹರಣೆ ನಮ್ಮಲ್ಲಿ ಸಿಗುವುದು ಅಪರೂಪ. ವ್ಯಕ್ತಿ ಸಮರ್ಥನಾಗಿದ್ದಷ್ಟು ಕಾಲ ಸಂಸ್ಥೆ ನಡೆಯಿತು, ಆದರೆ ಅದು ನಿಯಮಗಳ ಮೇಲೆ ನಿಂತ ಸಂಸ್ಥೆಯಾಗಿರಲಿಲ್ಲ. 1862ರಲ್ಲಿ ಕಮಿಷನರ್ ಆಗಿ ಬಂದ ಬೌರಿಂಗ್ ರಾಜ್ಯವನ್ನು ಮೂರು ವಿಭಾಗ, ಎಂಟು ಜಿಲ್ಲೆಗಳಾಗಿ ಪುನರ್ರಚಿಸಿದ, ಇಲಾಖೆಗಳು ಬೇರೆಬೇರೆಯಾದವು. ತುಮಕೂರು ನಂದಿದುರ್ಗ ವಿಭಾಗದ ಒಂದು ಜಿಲ್ಲೆಯಾಯಿತು.

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಆದದ್ದು ಗ್ರೈನರ್ ಮಾದರಿಗೆ ಒಗ್ಗುವುದಿಲ್ಲ. 1876–78ರ ಭೀಕರ ಬರ ಬೊಕ್ಕಸವನ್ನು ಬರಿದು ಮಾಡಿತ್ತು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿದಾಗ ದಿವಾನ್ ರಂಗಾಚಾರ್ಲು ಅವರಿಗೆ ಎದುರಾದ ಮೊದಲ ಕೆಲಸ ಖರ್ಚು ಕಡಿತ. ಬೆಳೆದ ಸಂಸ್ಥೆಯನ್ನು ಕುಗ್ಗಿಸಲಾಯಿತು: 1882ರಲ್ಲಿ ಚಿತ್ರದುರ್ಗವನ್ನು ತುಮಕೂರಿನ ಉಪವಿಭಾಗವಾಗಿ ಇಳಿಸಿ, 1886ರಲ್ಲಿ ಮತ್ತೆ ಜಿಲ್ಲೆಯಾಗಿಸಿದರು. ಆಗ ಪಾವಗಡ ಮಾತ್ರ ಚಿತ್ರದುರ್ಗಕ್ಕೆ ಮರಳದೆ ತುಮಕೂರಿನಲ್ಲೇ ಉಳಿಯಿತು. ಮೂರು ಕಡೆ ಆಂಧ್ರದಿಂದ ಸುತ್ತುವರಿದು, ಜಿಲ್ಲಾ ಕೇಂದ್ರದಿಂದ ಸುಮಾರು 100 ಕಿಲೋಮೀಟರ್ ದೂರವಿರುವ ತಾಲ್ಲೂಕೊಂದು ತುಮಕೂರಿನ ಭಾಗವಾಗಿರುವುದು ಹಣದ ಮುಗ್ಗಟ್ಟಿನ ಕಾಲದ ಒಂದು ಹೊಂದಾಣಿಕೆಯ ಫಲ. ಪಾವಗಡದ ಜನ ಆ ಹೊಂದಾಣಿಕೆಯ ಬೆಲೆಯನ್ನು ಬಸ್ಸಿನ ಟಿಕೆಟ್ಟಿನಲ್ಲಿ ತೆರುತ್ತಲೇ ಬಂದಿದ್ದಾರೆ.

ಶಾಲೆ ಯಾರದು: ಕೊಟ್ಟು ಕಿತ್ತುಕೊಂಡ ಚರಿತ್ರೆ

ಮೈಸೂರಿನ ಶಿಕ್ಷಣ ಇಲಾಖೆ ಹುಟ್ಟಿದ್ದು 1857ರಲ್ಲಿ. 1868ರಲ್ಲಿ ಬಿ. ಎಲ್. ರೈಸ್ ಹೋಬಳಿಗೊಂದು ಶಾಲೆ ಎಂಬ ಯೋಜನೆ ರೂಪಿಸಿದರು. ಶಾಸನಗಳ ಮೂಲಕ ನಾವು ಬಲ್ಲ ರೈಸರೇ ಇವರು; ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟದಲ್ಲಿ ಈ ತಾಲ್ಲೂಕುಗಳ ಕಲ್ಲುಬರಹಗಳನ್ನು ಪ್ರಕಟಿಸಿದವರು. ತಾಲ್ಲೂಕಿನ ಕೆಳಗಿನ ಕಂದಾಯ ಘಟಕವನ್ನೇ ಶಾಲೆಯ ಘಟಕವಾಗಿ ಹಿಡಿದದ್ದು ಜಾಣ ನಿರ್ಧಾರ. ಆದರೆ ಅದರ ಪರಿಣಾಮವೂ ಅಷ್ಟೇ ದೀರ್ಘವಾದದ್ದು: ಶಾಲೆ ಕಟ್ಟುವುದು, ಮೇಷ್ಟರನ್ನು ಕಳಿಸುವುದು ಇಲಾಖೆಯ ಕೆಲಸ ಎಂಬ ಭಾವನೆ ಊರುಗಳಲ್ಲಿ ನೆಲೆಗೊಂಡಿತು.

ಶಾಲೆಗಳು ಹೆಚ್ಚಿದಂತೆ ಬೆಂಗಳೂರಿನಿಂದ ಎಲ್ಲವನ್ನೂ ನಡೆಸಲಾಗದು ಎಂದು ಸಂಸ್ಥಾನಕ್ಕೆ ಮನವರಿಕೆಯಾಯಿತು. 1930ರ ಪ್ರಾಥಮಿಕ ಶಿಕ್ಷಣ ಶಾಸನ ಶಾಲೆಗಳ ಹೊಣೆಯನ್ನು ಜಿಲ್ಲಾ ಮಟ್ಟದ ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳಿಗೆ ವರ್ಗಾಯಿಸಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಸರ್ಕಾರದ ಮನಸ್ಸು ತಿರುಗಿತು. 1941ರ ಕಾಯಿದೆಯ ಮೂಲಕ ಪ್ರಾಥಮಿಕ ಶಿಕ್ಷಣವನ್ನು ನೇರವಾಗಿ ಇಲಾಖೆಯೇ ವಾಪಸು ಪಡೆಯಿತು.

ಇದೇ ಕಥೆ ಅರ್ಧ ಶತಮಾನದ ನಂತರ ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಛಲದಿಂದ ರೂಪುಗೊಂಡ 1983ರ ಪಂಚಾಯಿತಿ ಕಾಯಿದೆ 1987ರಲ್ಲಿ ಜಾರಿಗೆ ಬಂದಾಗ ಪ್ರಾಥಮಿಕ ಶಾಲೆಗಳೂ ಶಿಕ್ಷಕರೂ ಜಿಲ್ಲಾ ಪರಿಷತ್ತಿನ ಕೈಗೆ ಹೋದರು. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಕರ್ನಾಟಕದ ಆಡಳಿತ ಇತಿಹಾಸದಲ್ಲಿ ಅಧಿಕಾರ ನಿಜವಾಗಿ ಕೆಳಗಿಳಿದ ಗಳಿಗೆ ಅದು ಎಂಬುದು ನನ್ನ ಖಚಿತ ಅಭಿಪ್ರಾಯ. ಮೇಲಿನವರಿಗೆ ಹಿಡಿತ ತಪ್ಪುವ ಭಯವೂ ಅಷ್ಟೇ ಬೇಗ ಹುಟ್ಟಿತು. 1992ರಲ್ಲಿ ಅವಧಿ ಮುಗಿದಾಗ ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದರು. 1993ರ ಕಾಯಿದೆ ಸಂವಿಧಾನದ 73ನೆಯ ತಿದ್ದುಪಡಿಗೆ ಅನುಗುಣವಾಗಿ ಪಂಚಾಯಿತಿಗಳನ್ನು ಉಳಿಸಿಕೊಂಡಿತು, ಆದರೆ ಜಿಲ್ಲಾ ಪರಿಷತ್ತಿಗಿದ್ದ ತೂಕವನ್ನು ಉಳಿಸಲಿಲ್ಲ. 2001ರಲ್ಲಿ ರಾಜಾ ರಾಮಣ್ಣ ಅವರ ನೇತೃತ್ವದ ಕಾರ್ಯಪಡೆಯ ಸಲಹೆಯಂತೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ನಾವೆಲ್ಲ ಎಸ್‌ಡಿಎಂಸಿ ಎನ್ನುವ ಪೋಷಕರ ಸಮಿತಿಗಳು, ಹುಟ್ಟಿದವು. ಶಿಕ್ಷಕರ ವರ್ಗಾವಣೆಯನ್ನು ಮಾತ್ರ 2007ರ ಕಾಯಿದೆ ರಾಜ್ಯಮಟ್ಟದ ನಿಯಮ ಮತ್ತು ಕೌನ್ಸೆಲಿಂಗ್‌ಗೆ ಬಿಗಿಯಿತು. ಶಿಫಾರಸಿನ ಹಾವಳಿ ತಗ್ಗಿಸಲು ಅದು ಬೇಕಾಗಿತ್ತು. ಆದರೆ ಶಾಲೆಗೆ ಮೇಷ್ಟರಿಲ್ಲ ಎಂಬ ದೂರಿಗೆ ತಾಲ್ಲೂಕಿನೊಳಗೆ ಉತ್ತರ ಸಿಗುವ ದಾರಿ ಇನ್ನಷ್ಟು ಕಿರಿದಾಯಿತು.

ಗ್ರೈನರ್ ಮಾದರಿಯಲ್ಲಿ ಹಿಡಿತದ ಬಿಕ್ಕಟ್ಟು ದಾಟಿದ ಸಂಸ್ಥೆ ಸಮನ್ವಯದ ಘಟ್ಟಕ್ಕೆ ಏರುತ್ತದೆ. ಇಲ್ಲಿ 1930–41 ಮತ್ತು 1987–92 ಎರಡೂ ಸಲ ಸಂಸ್ಥೆ ಆ ಬಿಕ್ಕಟ್ಟಿನ ಎದುರು ಹಿಂದಕ್ಕೆ ಸರಿದು ನಿರ್ದೇಶನದ ಘಟ್ಟಕ್ಕೇ ಮರಳಿದೆ. ಮುಂದೆ ಹೋಗಲು ಅದಕ್ಕೆ ಒತ್ತಡವೇ ಇರಲಿಲ್ಲ. ಕಂಪನಿಯಲ್ಲಿ ಕೆಟ್ಟ ನಿರ್ಧಾರಕ್ಕೆ ಮಾರುಕಟ್ಟೆ ಶಿಕ್ಷೆ ಕೊಡುತ್ತದೆ. ಸರ್ಕಾರದಲ್ಲಿ ಆ ಶಿಕ್ಷೆ ಬೀಳುವುದು ಕಚೇರಿಗೆ ಅಲೆಯುವವರ ಮೇಲೆ.

ಮಧುಗಿರಿ ಶೈಕ್ಷಣಿಕ ಜಿಲ್ಲೆ

ಅಧಿಕಾರ ಕೊಡಲೂ ಮನಸ್ಸಿಲ್ಲ, ಎಲ್ಲವನ್ನೂ ಮೇಲಿನಿಂದ ನಡೆಸಲೂ ಆಗದು ಎಂಬ ಸ್ಥಿತಿಯಲ್ಲಿ ಇಲಾಖೆ ಮೂರನೆಯ ದಾರಿ ಹಿಡಿಯಿತು: ನೆಲವನ್ನು ಒಡೆಯುವುದು. ರಾಜ್ಯದಲ್ಲಿ ಕಂದಾಯ ಜಿಲ್ಲೆಗಳು 31, ಶೈಕ್ಷಣಿಕ ಜಿಲ್ಲೆಗಳು 35. ಬೆಂಗಳೂರು ನಗರವನ್ನು ಉತ್ತರ, ದಕ್ಷಿಣ ಎಂದು ಒಡೆದದ್ದರ ಜೊತೆಗೆ ಹೆಚ್ಚುವರಿಯಾಗಿ ಇರುವವು ಚಿಕ್ಕೋಡಿ, ಶಿರಸಿ ಮತ್ತು ಮಧುಗಿರಿ. ತುಮಕೂರಿನ ಮಟ್ಟಿಗೆ ಒಡೆಯಲು ಕಾರಣ ಸ್ಪಷ್ಟವಿತ್ತು. ಹತ್ತು ತಾಲ್ಲೂಕು, 10,597 ಚದರ ಕಿಲೋಮೀಟರ್, 2011ರ ಗಣತಿಯಂತೆ 26.79 ಲಕ್ಷ ಜನ. ಪಾವಗಡದ ಗಡಿಗ್ರಾಮದ ಶಾಲೆಯಿಂದ ಕುಣಿಗಲ್ಲಿನ ಕೊನೆಯ ಶಾಲೆಯವರೆಗೆ ಒಬ್ಬ ಉಪನಿರ್ದೇಶಕರು ಕಣ್ಣಿಡಲಾರರು.

ಈ ವಿಭಜನೆಯಿಂದ ಆದ ಒಳಿತನ್ನು ಮೊದಲು ಹೇಳಬೇಕು. ನಾಲ್ಕು ಹಿಂದುಳಿದ ತಾಲ್ಲೂಕುಗಳು ಅಂಕಿಅಂಶಗಳಲ್ಲಿ ಕಣ್ಣಿಗೆ ಬೀಳತೊಡಗಿದವು. ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ಸಮಿತಿಯ ವರದಿ ಮಧುಗಿರಿ, ಶಿರಾ, ಪಾವಗಡಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳೆಂದು ಗುರುತಿಸಿತ್ತು. ಜಿಲ್ಲೆಯ ಸರಾಸರಿಯೊಳಗೆ ಇಂಥ ತಾಲ್ಲೂಕುಗಳ ಸೋಲು ಮುಚ್ಚಿಹೋಗುತ್ತದೆ, ಗೆಲುವೂ ಹಾಗೆಯೇ. ಪ್ರತ್ಯೇಕ ಸಾಲು ಸಿಕ್ಕ ಮೇಲೆ ಅವುಗಳ ಫಲಿತಾಂಶಕ್ಕೆ ಉತ್ತರ ಹೇಳುವ ಒಬ್ಬ ಅಧಿಕಾರಿ ಹತ್ತಿರದಲ್ಲೇ ಇದ್ದಾರೆ. ಸೇವಾ ಪುಸ್ತಕದ ತಿದ್ದುಪಡಿಗೋ ಬಡ್ತಿಯ ಕಡತಕ್ಕೋ ಪಾವಗಡದ ಶಿಕ್ಷಕಿ ತುಮಕೂರಿನವರೆಗೆ ಹೋಗಬೇಕಾಗಿಲ್ಲ. ಸುಮಾರು 60 ಕಿಲೋಮೀಟರ್ ದೂರದ ಮಧುಗಿರಿಯಲ್ಲೇ ಕೆಲಸ ಮುಗಿಯಬಹುದು.

ಮುಗಿಯಬಹುದು ಎಂದಷ್ಟೇ ಹೇಳಬಲ್ಲೆ. ಏಕೆಂದರೆ ಮಧುಗಿರಿಯ ಉಪನಿರ್ದೇಶಕರಿಗೆ ಮೇಲೆ ಎರಡು ದಿಕ್ಕುಗಳಿವೆ. ಇಲಾಖೆಯ ಆದೇಶ ಬೆಂಗಳೂರಿನ ಆಯುಕ್ತರಿಂದ ಬರುತ್ತದೆ. ಜಿಲ್ಲಾ ವಲಯದ ಅನುದಾನ ಬರುವುದು ಜಿಲ್ಲಾ ಪಂಚಾಯಿತಿಯ ಮೂಲಕ, ಅದರ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ ಇರುವುದು ತುಮಕೂರಿನಲ್ಲಿ. ಅಂದರೆ ಎರಡು ಶೈಕ್ಷಣಿಕ ಜಿಲ್ಲೆಗಳ ಮೇಲೆ ಒಂದೇ ಜಿಲ್ಲಾ ಪಂಚಾಯಿತಿ, ಒಬ್ಬರೇ ಜಿಲ್ಲಾಧಿಕಾರಿ. ಪರೀಕ್ಷಾ ಕೇಂದ್ರದ ಭದ್ರತೆ, ಶಾಲಾ ಜಾಗದ ಒತ್ತುವರಿ, ಕೊಠಡಿ ದುರಸ್ತಿ ಮುಂತಾಗಿ ಶಿಕ್ಷಣದ ಕೆಲಸ ಬೇರೆ ಇಲಾಖೆಯ ಬಾಗಿಲು ತಟ್ಟುವಲ್ಲೆಲ್ಲ ಶೈಕ್ಷಣಿಕ ಜಿಲ್ಲೆಯ ಗಡಿ ಕರಗಿ ಕಂದಾಯ ಜಿಲ್ಲೆಯೇ ಎದುರಾಗುತ್ತದೆ.

ವಿಭಜನೆ ಹೊಸ ಗೋಡೆಯನ್ನೂ ಎಬ್ಬಿಸಿತು. ಪ್ರಾಥಮಿಕ ಶಾಲಾ ಶಿಕ್ಷಕರ ಜ್ಯೇಷ್ಠತೆಯನ್ನು ಜಿಲ್ಲೆಯನ್ನು ಘಟಕವಾಗಿ ಹಿಡಿದು ಎಣಿಸುತ್ತಾರೆ. ನೇಮಕಾತಿಯ ಪಟ್ಟಿಗಳಲ್ಲೂ ಮಧುಗಿರಿ ಪ್ರತ್ಯೇಕ. ಗುಬ್ಬಿಯ ಮೂಲದವರು ಪಾವಗಡದಲ್ಲಿ ನೇಮಕಗೊಂಡರೆ ತಮ್ಮ ಊರಿನ ಕಡೆಗೆ ಬರುವುದು ಘಟಕದ ಹೊರಗಿನ ವರ್ಗಾವಣೆ ಎನಿಸಿಕೊಳ್ಳುತ್ತದೆ. ಅದಕ್ಕೆ ಮಿತಿ ಬೇರೆ, ಸರದಿ ಬೇರೆ, ಜ್ಯೇಷ್ಠತೆಯ ನಷ್ಟವೂ ಉಂಟು. ಮೇಷ್ಟರು ಊರು ಬಿಟ್ಟು ಹೋಗದಂತೆ ಈ ಗೋಡೆ ಕಾಯುತ್ತದೆ ಎಂದು ಗಡಿತಾಲ್ಲೂಕಿನವರು ಹೇಳಿದರೆ ಅದರಲ್ಲಿ ನ್ಯಾಯವಿದೆ. ಇಷ್ಟವಿಲ್ಲದೆ ಉಳಿದವರಿಂದ ಶಾಲೆ ಎಷ್ಟು ಬೆಳೆಯುತ್ತದೆ ಎಂಬ ಪ್ರಶ್ನೆಯೂ ಅಷ್ಟೇ ನ್ಯಾಯವಾದದ್ದು.

ಇದರ ಮೇಲೆ ಕಾಗದದ ಹೊರೆ. ಕ್ಷೇತ್ರ ಶಿಕ್ಷಣಾಧಿಕಾರಿ, ಕ್ಷೇತ್ರ ಸಂಪನ್ಮೂಲ ಕೇಂದ್ರ, ಸಿಆರ್‌ಪಿ ಹೀಗೆ ಹಂತಗಳು ಹೆಚ್ಚಿದಂತೆ ಪ್ರತಿ ಹಂತವೂ ಶಾಲೆಯಿಂದ ಮಾಹಿತಿ ಬೇಡುತ್ತದೆ. ಎಸ್‌ಎಟಿಎಸ್ ತಂತ್ರಾಂಶಕ್ಕೆ ಮಕ್ಕಳ ವಿವರ, ಬಿಸಿಯೂಟದ ಲೆಕ್ಕ, ತಾಲ್ಲೂಕಿನಿಂದ ವಾಟ್ಸ್‌ಆ್ಯಪಿನಲ್ಲಿ ಬರುವ ತುರ್ತು ನಮೂನೆಗಳು. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ನಮೂನೆ ತುಂಬುತ್ತಿದ್ದರೆ ಐದೂ ತರಗತಿ ಇನ್ನೊಬ್ಬರ ಪಾಲಿಗೆ. ಗ್ರೈನರ್ ಕಡೆಯ ಘಟ್ಟಗಳಲ್ಲಿ ಕಂಡ ರೋಗ ಇಲ್ಲಿ ನಿರ್ದೇಶನದ ಘಟ್ಟದಲ್ಲೇ ಅಂಟಿಕೊಂಡಿದೆ. ಅಧಿಕಾರ ಕೆಳಗಿಳಿಯದಿದ್ದರೂ ಅದರ ಲೆಕ್ಕ ಒಪ್ಪಿಸುವ ಹೊಣೆ ಮಾತ್ರ ಕೊನೆಯ ಮೆಟ್ಟಿಲಿಗೆ ಇಳಿದಿದೆ.

ದೂರದ ಅಳತೆ ಮತ್ತು ಜಿಲ್ಲೆಯ ಬೇಡಿಕೆ

ಶೈಕ್ಷಣಿಕ ಜಿಲ್ಲೆಯನ್ನು ತೋರಿಸಿ ಮಧುಗಿರಿಯನ್ನು ಪೂರ್ಣ ಕಂದಾಯ ಜಿಲ್ಲೆ ಮಾಡಿ ಎಂಬ ಒತ್ತಾಯ ಬಹುಕಾಲದ್ದು. ಕರ್ನಾಟಕ ಏಕೀಕರಣದ ಕಾಲಕ್ಕೆ 19 ಇದ್ದ ಜಿಲ್ಲೆಗಳು ಇಂದು 31. ಜಿಲ್ಲೆ, ತಾಲ್ಲೂಕುಗಳ ಪುನರ್ರಚನೆಗೆಂದು ವಾಸುದೇವರಾವ್, ಹುಂಡೇಕರ್, ಗದ್ದಿಗೌಡರ್, ಎಂ. ಬಿ. ಪ್ರಕಾಶ್ ಸಮಿತಿಗಳು ಒಂದರ ಹಿಂದೆ ಒಂದು ಬಂದವು. 1997ರಲ್ಲಿ ಜೆ. ಎಚ್. ಪಟೇಲರ ಸರ್ಕಾರ ಒಮ್ಮೆಗೇ ಏಳು ಜಿಲ್ಲೆ ರಚಿಸಿತು. 2007ರಲ್ಲಿ ಚಿಕ್ಕಬಳ್ಳಾಪುರ, ರಾಮನಗರ ಬಂದವು. ಅಕ್ಕಪಕ್ಕದ ಊರುಗಳು ಜಿಲ್ಲೆಯಾಗುವುದನ್ನು ಕಂಡ ಮಧುಗಿರಿಯವರ ಹಂಬಲ ಸಹಜವಾದದ್ದು, ಅದನ್ನು ಬರೀ ರಾಜಕೀಯವೆಂದು ಕಾಣುವುದು ಅನ್ಯಾಯ.

ಆದರೆ ಈ ನಾಲ್ಕು ತಾಲ್ಲೂಕುಗಳಿಗೆ ಮಧುಗಿರಿ ಸಮಾನವಾಗಿ ಹತ್ತಿರವಲ್ಲ. ಕೊರಟಗೆರೆ ತುಮಕೂರು–ಮಧುಗಿರಿ ರಸ್ತೆಯ ಮೇಲಿದೆ. ಅಲ್ಲಿನವರಿಗೆ ಎರಡೂ ದಿಕ್ಕು ಸಲೀಸು. ಶಿರಾ ಇರುವುದು ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ. ಹೆದ್ದಾರಿಯ ಬಸ್ಸು ಹತ್ತಿದರೆ ತುಮಕೂರು ನೇರ ದಾರಿ. ಮಧುಗಿರಿ ನಕ್ಷೆಯಲ್ಲಿ ಹತ್ತಿರವಿದ್ದರೂ ಅಡ್ಡರಸ್ತೆಯ ಊರು. ಹೊಸ ಜಿಲ್ಲೆಯ ನಿಜವಾದ ಲಾಭ ಪಾವಗಡಕ್ಕೆ, ಶಿರಾಕ್ಕೆ ಲಾಭವಾಗುವುದು ಅನುಮಾನ. ಒಂದೇ ಪಟ್ಟಿಯಲ್ಲಿ ನಾಲ್ಕು ಹೆಸರು ಬರೆದ ಮಾತ್ರಕ್ಕೆ ನಾಲ್ಕು ಊರುಗಳ ಹಿತ ಒಂದಾಗುವುದಿಲ್ಲ.

ಪಾವಗಡದ್ದೇ ಇನ್ನೊಂದು ಅನುಭವ ಇಲ್ಲಿ ಪ್ರಸ್ತುತ. 2015ರಲ್ಲಿ ರಾಜ್ಯದ ನವೀಕರಿಸಬಹುದಾದ ಇಂಧನ ನಿಗಮವಾದ ಕ್ರೆಡಲ್ ಮತ್ತು ಕೇಂದ್ರದ ಸೌರಶಕ್ತಿ ನಿಗಮ ಸೇರಿ ಕಟ್ಟಿದ ಕಂಪನಿ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳಲ್ಲಿ ಸುಮಾರು 13,000 ಎಕರೆಯನ್ನು ರೈತರಿಂದ ಗುತ್ತಿಗೆಗೆ ಪಡೆದು 2,050 ಮೆಗಾವಾಟ್ ಸೌರ ಉದ್ಯಾನ ಕಟ್ಟಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ. ಭೂಮಿಯನ್ನು ಕಿತ್ತುಕೊಳ್ಳದೆ ಇಷ್ಟು ದೊಡ್ಡ ಕೆಲಸ ಮಾಡಿದ್ದು ಮೆಚ್ಚಬೇಕಾದ ವಿಷಯ. ಆದರೆ ಗುತ್ತಿಗೆಗೆ ಪಹಣಿಯಲ್ಲಿ ಹೆಸರಿರಬೇಕು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರ ಹೆಸರು ಯಾವ ಪಹಣಿಯಲ್ಲೂ ಇಲ್ಲ. ಮಧುಗಿರಿಯ ಉಪವಿಭಾಗಕ್ಕಾಗಲಿ ತಾಲ್ಲೂಕು ಪಂಚಾಯಿತಿಗಾಗಲಿ ಈ ಕಂಪನಿಯ ನಿರ್ಧಾರಗಳಲ್ಲಿ ಮಾತಿಲ್ಲ. ತಾಲ್ಲೂಕಿನ ಅತಿ ದೊಡ್ಡ ಸಂಸ್ಥೆ ತಾಲ್ಲೂಕಿನ ಯಾವ ಸಭೆಗೂ ಉತ್ತರದಾಯಿಯಲ್ಲ. ಹೊಸ ಜಿಲ್ಲೆ ಬಂದರೆ ಇದು ತಾನಾಗಿ ಬದಲಾಗುತ್ತದೆ ಎಂದು ನಂಬಲು ಆಧಾರವಿಲ್ಲ.

2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. 1992ರಂತೆಯೇ ಆಡಳಿತಾಧಿಕಾರಿಗಳು ಆ ಕುರ್ಚಿಗಳಲ್ಲಿ ಕುಳಿತರು. ಮಧುಗಿರಿಗೆ ಜಿಲ್ಲಾಧಿಕಾರಿಯ ಕಚೇರಿ ಬರಲಿ ಎಂದು ಕೇಳುವವರು ಮೊದಲು ಈ ಕುರ್ಚಿಗಳ ಬಗ್ಗೆ ಕೇಳಬೇಕು. ಸರ್ಕಾರ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ ತಡಮಾಡದೆ ಚುನಾವಣೆ ನಡೆಸಲಿ. ಮಧುಗಿರಿ ಉಪನಿರ್ದೇಶಕರಿಗೆ ಪ್ರತ್ಯೇಕ ಅನುದಾನದ ಅಧಿಕಾರ ಕೊಡಲಿ. ಹೊಸ ಜಿಲ್ಲೆಯ ಗಡಿ, ಹಣ, ಕೇಂದ್ರಸ್ಥಾನ ಮೂರನ್ನೂ ನಾಲ್ಕು ತಾಲ್ಲೂಕುಗಳ ಚುನಾಯಿತ ಸದಸ್ಯರ ಮುಂದಿಟ್ಟು, ಶಿರಾ ಮತ್ತು ಪಾವಗಡದ ಮಾತನ್ನು ಬೇರೆಬೇರೆಯಾಗಿ ಕೇಳಿ ತೀರ್ಮಾನಿಸಲಿ.